ಹುಳುಕಡ್ಡಿಗೆ ನಾಲ್ಕು ಟ್ಯೂಬ್ ಖಾಲಿ, ಐದನೆಯದು ನಡೀತಿದೆ. ತುರಿಕೆ ಮಾತ್ರ ಹೋಗ್ತಿಲ್ಲ, ಏನು ಮಾಡಲಿ?

ನಾಪೋಕ್ಲು_ಹುಡುಗ · ಜುಲೈ 6, ರಾತ್ರಿ 9.12
ಎಲ್ಲರಿಗೂ ನಮಸ್ಕಾರ. ಹೇಳಿಕೊಳ್ಳೋಕೆ ನಾಚಿಕೆ, ಆದರೂ ಕೇಳುತ್ತಿದ್ದೇನೆ. ಏಪ್ರಿಲ್ ಕೊನೆಯಲ್ಲಿ ಸೊಂಟದ ಹತ್ತಿರ, ಬೆಲ್ಟ್ ಕೂರುವ ಜಾಗದಲ್ಲಿ, ಎಂಟಾಣೆ ಅಗಲದ ಕೆಂಪು ಉಂಗುರ ಎದ್ದಿತು. ಅಮ್ಮ ನೋಡಿದ ಕೂಡಲೇ ಹುಳುಕಡ್ಡಿ ಅಂದರು. ಪೇಟೆಯ ಮೆಡಿಕಲ್‌ನಲ್ಲಿ ಕೇಳಿದೆ, ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ತುರಿಕೆ ಮಾಯ! ನಾಲ್ಕನೇ ದಿನ ಹಚ್ಚೋದು ಬಿಟ್ಟೆ. ವಾರದೊಳಗೆ ವಾಪಸ್. ಮತ್ತೆ ಹಚ್ಚಿದೆ, ಹೋಯಿತು. ಬಿಟ್ಟೆ, ಬಂತು. ಹೀಗೇ ಎರಡೂವರೆ ತಿಂಗಳು.

ಈಗ ತೊಡೆ ಸಂದಿಗೆ ಇಳಿದಿದೆ, ಹಿಂದೆಯೂ ಹಬ್ಬಿದೆ. ಒಂದು ಉಂಗುರದೊಳಗೆ ಇನ್ನೊಂದು ಉಂಗುರ. ತೋಟದಲ್ಲಿ ಬೆಳಿಗ್ಗೆ 7ಕ್ಕೆ ಗಮ್‌ಬೂಟ್ ಹಾಕಿದರೆ ಬಿಚ್ಚೋದು ಸಂಜೆ 4ಕ್ಕೆ. ಈ ಮಳೆಯಲ್ಲಿ ಮೈ ಒಣಗೋ ಮಾತೇ ಇಲ್ಲ. ರಾತ್ರಿ ಕಂಬಳಿಯೊಳಗೆ ಬಿಸಿಯಾಯಿತೋ, ಕೆರೆದು ಕೆರೆದು ನಿದ್ದೆ ಇಲ್ಲ. ಯಾರಿಗಾದರೂ ಹೀಗೆ ಆಗಿತ್ತಾ? ಯಾವ ಟ್ಯೂಬ್ ಒಳ್ಳೇದು?

ಗೋಣಿಕೊಪ್ಪ_ಗಡಿಬಿಡಿ · ಜುಲೈ 6, ರಾತ್ರಿ 9.20
ಆಗಿತ್ತಾ ಅಂತ ಕೇಳ್ತೀರಾ? ಜುಲೈನಲ್ಲಿ ಆಗದೇ ಇರೋರು ಯಾರು ಅಂತ ಕೇಳಿ ಅಣ್ಣ.

ಸೋಮವಾರಪೇಟೆ_ಶುಂಠಿ · ಜುಲೈ 6, ರಾತ್ರಿ 9.31
ನಿಮ್ಮ ಹತ್ತಿರ ಸೀಮೆ ಅಗಸೆ ಗಿಡ ಇದೆಯಾ? ಹಳದಿ ಹೂವು, ಮೇಣದ ಬತ್ತಿ ನೆಟ್ಟ ಹಾಗೆ ನೆಟ್ಟಗೆ ನಿಂತಿರುತ್ತೆ. ಎಳೆ ಎಲೆ ಅರೆದು ಹಚ್ಚಿ. ನಮ್ಮ ಅಜ್ಜಿ ಕಾಲದಿಂದಲೂ ಅದೇ. ಹಿತ್ತಲ ಗಿಡ ಮದ್ದಲ್ಲ ಅಂತ ಎಲ್ಲರೂ ಟ್ಯೂಬ್ ಹಿಂದೆ ಓಡ್ತಾರೆ.

ರೊಬಸ್ಟಾ_ಮಾವ · ಜುಲೈ 6, ರಾತ್ರಿ 9.40
ಹುಳುಕಡ್ಡಿ ಹುಳ ಅಲ್ಲಪ್ಪ, ಫಂಗಸ್. ಕಾಫಿಗೆ ಬರೋ ಕೊಳೆ ರೋಗ, ಕಾಳುಮೆಣಸಿಗೆ ಬರೋ ಸೊರಗು ಇದ್ದ ಹಾಗೇ. ನಾವು ಗಿಡಕ್ಕೆ ಏನು ಮಾಡ್ತೀವಿ? ಬೋರ್ಡೋ ಹೊಡೀತೀವಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ನಮ್ಮಲ್ಲಿ ಸ್ಪ್ರೇ ಮಾಡೋ ಆಳಿನ ಕಾಲಿಗೆ ಬಿದ್ದು ಬಿದ್ದೇ ಅವನ ಕಾಲ್ಬೆರಳ ಸಂದಿ ವಾಸಿಯಾಯಿತು. ಯೋಚನೆ ಮಾಡಿ.

ಗೋಣಿಕೊಪ್ಪ_ಗಡಿಬಿಡಿ · ಜುಲೈ 6, ರಾತ್ರಿ 9.42
ಮಾವ, ತೊಡೆ ಸಂದಿಗೆ ಬೋರ್ಡೋನಾ?? ಸ್ಪ್ರೇ ಗನ್ ಯಾರು ಹಿಡೀತಾರೆ?

ಮೆಡಿಕಲ್_ಅಕ್ಕ · ಜುಲೈ 6, ರಾತ್ರಿ 10.05
ದಯವಿಟ್ಟು ಯಾರೂ ಮೈಲುತುತ್ತ ಮೈಗೆ ಹಚ್ಚಬೇಡಿ. ಚರ್ಮ ಸುಡುತ್ತೆ. ಸಂದಿಯ ಚರ್ಮ ಮೊದಲೇ ತೆಳು, ಕೆರೆದು ಗಾಯ ಬೇರೆ ಆಗಿರುತ್ತೆ.

ನಾಪೋಕ್ಲು ತಮ್ಮಾ, ನಾನು ಕುಶಾಲನಗರದ ಕಡೆ ಮೆಡಿಕಲ್‌ನಲ್ಲಿ ಕೆಲಸ ಮಾಡೋಳು. ನಿಮ್ಮ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ, ಪೂರ್ತಿ ಓದಿ ಹಾಕಿ. ಮೇಲಿನ ದೊಡ್ಡ ಹೆಸರು ಬೇಡ, ಒಳಗಿರೋ ಔಷಧಿಗಳ ಹೆಸರು.

ನಾಪೋಕ್ಲು_ಹುಡುಗ · ಜುಲೈ 6, ರಾತ್ರಿ 10.18
ಟಾರ್ಚ್ ಹಿಡಿದು ಓದಿದೆ ಅಕ್ಕ. ಕ್ಲೋಬೆಟಾಸಾಲ್, ಓಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಾಫಿನ್. ಐದಕ್ಕೂ ಇದೇ. ನಾಲ್ಕು ಔಷಧಿ ಒಂದರಲ್ಲೇ ಇದೆ, ಸ್ಟ್ರಾಂಗ್ ಅಂದರು.

ಮೆಡಿಕಲ್_ಅಕ್ಕ · ಜುಲೈ 6, ರಾತ್ರಿ 10.34
ಅಂದುಕೊಂಡೆ. ಆ ನಾಲ್ಕರಲ್ಲಿ ನಿಮ್ಮ ಕಾಯಿಲೆಗೆ ಬೇಕಾದದ್ದು ಟರ್ಬಿನಾಫಿನ್ ಒಂದೇ. ಅದು ಫಂಗಸ್ ಕೊಲ್ಲೋದು. ಓಫ್ಲಾಕ್ಸಸಿನ್ ಬ್ಯಾಕ್ಟೀರಿಯಾಕ್ಕೆ, ಆರ್ನಿಡಜೋಲ್ ಇನ್ನೊಂದು ಬಗೆಯ ಕ್ರಿಮಿಗೆ. ಮೊದಲನೆಯದು ಸ್ಟೀರಾಯ್ಡ್. ಹಚ್ಚೋ ಸ್ಟೀರಾಯ್ಡ್‌ಗಳಲ್ಲಿ ತೀರಾ ಬಲವಾದ ಗುಂಪಿನದು ಅದು.

ಎರಡೇ ದಿನಕ್ಕೆ ತುರಿಕೆ ನಿಂತಿತು ಅಂದಿರಲ್ಲ, ಅದು ಸ್ಟೀರಾಯ್ಡ್ ಕೆಲಸ. ಕೆಂಪು, ತುರಿಕೆ, ಊತ ಇವೆಲ್ಲ ಫಂಗಸ್ ವಿರುದ್ಧ ನಿಮ್ಮ ಮೈ ಮಾಡೋ ಜಗಳ. ಸ್ಟೀರಾಯ್ಡ್ ಆ ಜಗಳ ನಿಲ್ಲಿಸುತ್ತೆ. ಕಾವಲು ನಾಯಿಯನ್ನೇ ಮಲಗಿಸಿದ ಹಾಗೆ. ಫಂಗಸ್ ಆರಾಮಾಗಿ ಹಬ್ಬುತ್ತೆ.

ನಮ್ಮ ಅಂಗಡಿಗೂ ಬಂದು ಇದೇ ಟ್ಯೂಬ್ ಕೇಳ್ತಾರೆ. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಬೈದು ಪಕ್ಕದ ಅಂಗಡಿಗೆ ಹೋಗ್ತಾರೆ. 2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ನಲ್ಲಿ ಬಿಗಿ ಮಾಡಿತು. ಕಾಗದದಲ್ಲಿ ಇದೆ, ಕೌಂಟರಲ್ಲಿ ಇಲ್ಲ.

ಬೆಂಗಳೂರಲ್ಲಿ_ಕೊಡವ · ಜುಲೈ 6, ರಾತ್ರಿ 10.50
ತಪ್ಪು ಮೆಡಿಕಲ್ ಅಂಗಡಿಯವರದ್ದೇ. ದುಡ್ಡಿಗೋಸ್ಕರ ಏನು ಬೇಕಾದರೂ ಕೊಡ್ತಾರೆ.

ಮೆಡಿಕಲ್_ಅಕ್ಕ · ಜುಲೈ 6, ರಾತ್ರಿ 10.56
ಒಪ್ಪಿದೆ, ನಮ್ಮವರ ತಪ್ಪೂ ಇದೆ. ಆದರೆ ನೀವು ಬೆಂಗಳೂರಿನಲ್ಲಿ ಕೂತು ಹೇಳೋದು ಸುಲಭ ಅಣ್ಣ. ಇಲ್ಲಿ ಚರ್ಮದ ಡಾಕ್ಟರ್ ನೋಡೋಕೆ ಒಂದು ದಿನದ ಕೂಲಿ ಬಿಡಬೇಕು, ಎರಡು ಬಸ್ ಹಿಡೀಬೇಕು, ಮೇಲೆ ಫೀಸು. ಟ್ಯೂಬ್ ಬೇಗ ಕೈಗೆ ಸಿಗುತ್ತೆ. ಜನ ಅದಕ್ಕೇ ಬರ್ತಾರೆ.

ಬೆಟ್ಟದ_ಟೀಚರ್ · ಜುಲೈ 7, ಬೆಳಿಗ್ಗೆ 6.25
ನಿಜ. ಭಾಗಮಂಡಲದ ಕಡೆ ಈಗ ಕರೆಂಟೇ ಇಲ್ಲ, ಚರ್ಮದ ಡಾಕ್ಟರ್ ಎಲ್ಲಿಂದ ಬರಬೇಕು.

ಪಿಜಿ_ಚರ್ಮ · ಜುಲೈ 7, ಬೆಳಿಗ್ಗೆ 7.48
ನಾನು ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ, ಊರು ವಿರಾಜಪೇಟೆ. ಮೆಡಿಕಲ್ ಅಕ್ಕ ಹೇಳಿದ್ದು ಸರಿ. ಉಂಗುರದೊಳಗೆ ಉಂಗುರ ಅಂದಾಗಲೇ ಸ್ಟೀರಾಯ್ಡ್ ಅಂತ ಅನುಮಾನ ಬಂತು. ಫಂಗಸ್ ಹೊರಗೆ ಹರಡುತ್ತೆ, ನಡುವೆ ಮಲಗಿದ್ದು ಮತ್ತೆ ಏಳುತ್ತೆ. ನೋಡಿದರೆ ಹುಳುಕಡ್ಡಿ ಅಂತಲೇ ಗೊತ್ತಾಗದಷ್ಟು ರೂಪ ಬದಲಾಗಿರೋ ಕೇಸೂ ಓಪಿಡಿಗೆ ಬರುತ್ತೆ. ಇಸಬು ಅಂತ ತಿಳಿದು ಮತ್ತೆ ಅದಕ್ಕೂ ಸ್ಟೀರಾಯ್ಡ್ ಹಚ್ಚಿಕೊಂಡಿರ್ತಾರೆ!

ನಾಪೋಕ್ಲು ಅವರೇ, ಇಲ್ಲಿ ನಾನು ಮಾತ್ರೆ ಹೆಸರು ಹೇಳಿ ತೊಗೊಳ್ಳಿ ಅನ್ನಲ್ಲ. ಮೂರು ಜಾಗಕ್ಕೆ ಹಬ್ಬಿದೆ, ಎರಡೂವರೆ ತಿಂಗಳಾಗಿದೆ, ಇದು ಬರೀ ಮುಲಾಮಿಗೆ ಹೋಗೋದು ಕಷ್ಟ. ಸಾಮಾನ್ಯವಾಗಿ ಮಾತ್ರೆಯೂ ಬೇಕಾಗುತ್ತೆ. ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಆ ಐದೂ ಟ್ಯೂಬ್ ಜೊತೆಗೆ ಒಯ್ಯಿರಿ, ಖಾಲಿಯಾದದ್ದನ್ನೂ. ಡಾಕ್ಟರಿಗೆ ಅದೇ ಅರ್ಧ ಕತೆ ಹೇಳುತ್ತೆ.

ಒಂದು ಎಚ್ಚರಿಕೆ. ಸ್ಟೀರಾಯ್ಡ್ ನಿಲ್ಲಿಸಿದ ಮೊದಲ ವಾರ ತುರಿಕೆ ಜಾಸ್ತಿ ಆಗಬಹುದು. ಮದ್ದು ಕೆಲಸ ಮಾಡ್ತಿಲ್ಲ ಅಂತ ಹಳೇ ಟ್ಯೂಬಿಗೆ ಕೈ ಹಾಕಬೇಡಿ.

ಸೋಮವಾರಪೇಟೆ_ಶುಂಠಿ · ಜುಲೈ 7, ಬೆಳಿಗ್ಗೆ 8.10
ಸೀಮೆ ಅಗಸೆ ಬಗ್ಗೆ ಡಾಕ್ಟರ್ ಏನೂ ಹೇಳಲಿಲ್ಲ. ಗೊತ್ತಿಲ್ಲವೋ, ಹೇಳೋಕೆ ಇಷ್ಟ ಇಲ್ಲವೋ.

ಪಿಜಿ_ಚರ್ಮ · ಜುಲೈ 7, ಬೆಳಿಗ್ಗೆ 8.31
ಗೊತ್ತಿದೆ ಸರ್, ನಮ್ಮ ಮನೆ ಬೇಲಿಯಲ್ಲೂ ಇದೆ. ಅದರ ಎಲೆಯಲ್ಲಿ ಕ್ರೈಸೊಫ್ಯಾನಿಕ್ ಆಸಿಡ್ ಅನ್ನೋದು ಇದೆ, ಫಂಗಸ್ ಮೇಲೆ ಕೆಲಸ ಮಾಡುತ್ತೆ. ಅಜ್ಜಿ ಸುಳ್ಳು ಹೇಳಿಲ್ಲ. ಎಂಟಾಣೆ ಅಗಲ ಇದ್ದಾಗ ತೋಳಿಗೆ ಹಚ್ಚಿದ್ದರೆ ಹೋಗುತ್ತಿತ್ತೇನೋ. ಆದರೆ ಎಲೆಯಲ್ಲಿ ಎಷ್ಟು ಮದ್ದಿದೆ ಅಂತ ಅಳೆಯೋದು ಹೇಗೆ? ಸ್ಟೀರಾಯ್ಡ್‌ನಿಂದ ತೆಳುವಾದ ತೊಡೆ ಸಂದಿಗೆ ಅರೆದು ಹಚ್ಚಿದರೆ ಉರಿ ಎದ್ದು ಇನ್ನೊಂದು ಕಾಯಿಲೆ.

ಇನ್ನೊಂದು ವಿಷಯ. ಅಜ್ಜಿ ಕಾಲದ ಫಂಗಸ್ಸೇ ಬೇರೆ, ಈಗಿನದೇ ಬೇರೆ. ಈಗ ನಮ್ಮ ದೇಶದಲ್ಲಿ ಎಲ್ಲೆಲ್ಲೂ ಕಾಣೋ ತಳಿಗೆ ಟ್ರೈಕೊಫೈಟನ್ ಇಂಡೋಟಿನಿಯೆ ಅಂತ 2020ರಲ್ಲಿ ಹೆಸರಿಟ್ಟರು. ಹೆಸರಿಟ್ಟವರು ಜಪಾನಿನವರು, ಅಲ್ಲಿಗೆ ಹೋಗಿದ್ದ ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯ ಚರ್ಮದಿಂದ ತೆಗೆದು. ಇದರಲ್ಲಿ ತುಂಬ ತಳಿಗಳು ಟರ್ಬಿನಾಫಿನ್‌ಗೆ ಬಗ್ಗಲ್ಲ.

ಗೋಣಿಕೊಪ್ಪ_ಗಡಿಬಿಡಿ · ಜುಲೈ 7, ಬೆಳಿಗ್ಗೆ 8.40
ಕಾಫಿಗೆ ಸಿಗದ ಅಂತಾರಾಷ್ಟ್ರೀಯ ಹೆಸರು ಹುಳುಕಡ್ಡಿಗೆ ಸಿಕ್ಕಿತು.

ಸುಂಟಿಕೊಪ್ಪ_ಸೊಸೆ · ಜುಲೈ 7, ಬೆಳಿಗ್ಗೆ 10.15
ನಮ್ಮ ಅತ್ತೆ ಹುಳುಕಡ್ಡಿಗೆ ಕಾಚಂಪುಳಿ, ಅಡುಗೆಗೆ ಹಾಕೋ ಆ ಕಪ್ಪು ಹುಳಿ, ಹಚ್ಚಿ ಅಂದರು. ಮದುವೆಯಾಗಿ ಹೊಸದು, ಬೇಡ ಅನ್ನೋಕೆ ಧೈರ್ಯ ಇರಲಿಲ್ಲ. ಹತ್ತಿಯಲ್ಲಿ ಅದ್ದಿ ಮೊಣಕೈ ಹತ್ತಿರ ಇಟ್ಟೆ. ಅಯ್ಯೋ! ಕೆಂಡ ಇಟ್ಟ ಹಾಗೆ. ಆ ಕಪ್ಪು ಕಲೆ ಹೋಗೋಕೆ ಆರು ತಿಂಗಳು ಹಿಡಿಯಿತು. ಹುಳುಕಡ್ಡಿ ಅದರ ಸುತ್ತ ಹಾಗೇ ಇತ್ತು, ನಗ್ತಾ.

ಬೆಂಗಳೂರಲ್ಲಿ_ಕೊಡವ · ಜುಲೈ 7, ಬೆಳಿಗ್ಗೆ 10.22
ಕಾಚಂಪುಳಿ ಇರೋದು ಪಂದಿ ಕರಿಗೆ. ಅದನ್ನು ಮೊಣಕೈಗೆ ಹಾಳು ಮಾಡಿದ್ದಕ್ಕೆ ಶಿಕ್ಷೆ ಅದು.

ರೊಬಸ್ಟಾ_ಮಾವ · ಜುಲೈ 7, ಮಧ್ಯಾಹ್ನ 1.05
ಪಂದಿ ಅಂದ ಮೇಲೆ ನೆನಪಾಯಿತು. ಪಥ್ಯ ಯಾರೂ ಹೇಳ್ತಿಲ್ಲ. ಪಂದಿ, ಬದನೆ, ಏಡಿ, ಕಣಿಲೆ ಎಲ್ಲ ನಂಜು. ನಂಜು ತಿಂದುಕೊಂಡು ಮುಲಾಮು ಹಚ್ಚಿದರೆ ಎಲ್ಲಿ ವಾಸಿಯಾಗುತ್ತೆ? ರಕ್ತ ಕೆಟ್ಟಿರೋದು ಮೊದಲು ಸರಿ ಮಾಡಬೇಕು.

ಪಿಜಿ_ಚರ್ಮ · ಜುಲೈ 7, ಮಧ್ಯಾಹ್ನ 1.40
ಮಾವ, ಹುಳುಕಡ್ಡಿ ಫಂಗಸ್ ಅಂತ ನೀವೇ ನಿನ್ನೆ ಹೇಳಿದಿರಿ. ಅದು ಚರ್ಮದ ಮೇಲಿನ ಸತ್ತ ಪದರ ತಿಂದು ಬದುಕೋದು. ರಕ್ತಕ್ಕೂ ಅದಕ್ಕೂ ಸಂಬಂಧ ಇಲ್ಲ. ಏಡಿ ತಿಂದರೆ ಮೈಯೆಲ್ಲ ದದ್ದು ಏಳೋರು ಇದ್ದಾರೆ, ಅದು ಅಲರ್ಜಿ, ಬೇರೆ ವಿಷಯ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಫಂಗಸ್ ಮತ್ತೆ ಮತ್ತೆ ಬರುತ್ತೆ.

ಗೋಣಿಕೊಪ್ಪ_ಗಡಿಬಿಡಿ · ಜುಲೈ 7, ಮಧ್ಯಾಹ್ನ 1.44
ಕೈಲ್‌ಪೊಳ್ದ್ ಹಬ್ಬಕ್ಕೆ ಇನ್ನು ಎರಡು ತಿಂಗಳಿಲ್ಲ. ಪಂದಿ ಬಿಡಿ ಅಂದರೆ ಹುಳುಕಡ್ಡಿಯೇ ಇರಲಿ ಅಂತೀನಿ.

ಕಕ್ಕಡ_ಮಳೆ · ಜುಲೈ 7, ಸಂಜೆ 5.30
ನಮ್ಮ ಕಕ್ಕಡ ತಿಂಗಳ 18ರವರೆಗೆ ಕಾಯಿರಿ. ಆಗಸ್ಟ್ 3ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದರೆ ಮೈಯ ಎಲ್ಲ ಕಾಯಿಲೆ ಹೋಗುತ್ತೆ, 18 ಬಗೆಯ ಮದ್ದು ಸೇರಿರುತ್ತೆ ಅಂತಾರೆ.

ಬೆಟ್ಟದ_ಟೀಚರ್ · ಜುಲೈ 7, ಸಂಜೆ 5.52
ಪಾಯಸ ನನಗೂ ಪ್ರಾಣ. ಆ ನೇರಳೆ ಬಣ್ಣ, ಆ ವಾಸನೆ! ಆದರೆ ತಿಂದ ಮಾರನೇ ದಿನ ಮೂತ್ರ ಕೆಂಪಾಗುತ್ತೆ ಅಂತ ಹೊಸದಾಗಿ ಬಂದ ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಅವರು ಕಿಡ್ನಿ ಹೋಯಿತು ಅಂತ ರಜಾ ಚೀಟಿ ಬರೆದು ಆಸ್ಪತ್ರೆಗೆ ಹೊರಟಿದ್ದರು.

ವಿಷಯಕ್ಕೆ ಬರ್ತೀನಿ. ನನ್ನ ತರಗತಿಯಲ್ಲಿ ಐದಾರು ಮಕ್ಕಳು ಬೆರಳ ಸಂದಿ ಕೆರೆದುಕೊಳ್ತಾರೆ. ಮಣಿಕಟ್ಟಿನಲ್ಲಿ, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ. ರಾತ್ರಿ ಜಾಸ್ತಿಯಂತೆ. ಎಲ್ಲ ಒಂದೇ ಎಸ್ಟೇಟಿನ ಲೈನ್ ಮನೆಯವರು. ಇದೂ ಹುಳುಕಡ್ಡಿಯೇ?

ಪಿಜಿ_ಚರ್ಮ · ಜುಲೈ 7, ರಾತ್ರಿ 8.20
ಅಲ್ಲ ಟೀಚರ್, ನೀವು ಹೇಳಿದ್ದು ಕೇಳಿದರೆ ಕಜ್ಜಿ. ಇದು ಫಂಗಸ್ ಅಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತೆ. ಹುಳುಕಡ್ಡಿ ಮದ್ದು ಇದಕ್ಕೆ ಏನೂ ಮಾಡಲ್ಲ.

ಇದಕ್ಕೆ ಪರ್ಮೆಥ್ರಿನ್ 5 ಪರ್ಸೆಂಟ್ ಮುಲಾಮು. ತುರಿಸೋ ಜಾಗಕ್ಕೆ ಮಾತ್ರ ಹಚ್ಚೋದಲ್ಲ. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರ ಸಂದಿ, ಹೊಕ್ಕುಳು, ಒಂದು ಚೂರೂ ಬಿಡದೆ. ರಾತ್ರಿ ಹಚ್ಚಿ ಮಲಗಬೇಕು, 8ರಿಂದ 14 ಗಂಟೆ ಇದ್ದು ಬೆಳಿಗ್ಗೆ ಸ್ನಾನ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಒಂದು ವಾರ ಬಿಟ್ಟು ಇನ್ನೊಂದು ಸಲ. ಎರಡು ತಿಂಗಳೊಳಗಿನ ಕೂಸು ಇದ್ದರೆ ಡಾಕ್ಟರನ್ನು ಕೇಳದೆ ಹಚ್ಚಬಾರದು.

ಮುಖ್ಯ ಏನೆಂದರೆ ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು, ತುರಿಕೆ ಇಲ್ಲದವರೂ. ಒಬ್ಬರು ಬಿಟ್ಟರೆ ಅವರಿಂದ ಎಲ್ಲರಿಗೂ ವಾಪಸ್. ನುಸಿ ಸತ್ತ ಮೇಲೂ ಎರಡು ವಾರ, ಕೆಲವರಿಗೆ ನಾಲ್ಕು ವಾರ ತುರಿಕೆ ಇರುತ್ತೆ. ಮದ್ದು ಹಿಡಿದಿಲ್ಲ ಅಂತ ದಿನಾ ಹಚ್ಚಬೇಡಿ.

ಬೆಟ್ಟದ_ಟೀಚರ್ · ಜುಲೈ 7, ರಾತ್ರಿ 8.41
ಬಟ್ಟೆ, ಕಂಬಳಿ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು ಅಂತಾರೆ. ಬಿಸಿಲು ಎಲ್ಲಿಂದ ತರಲಿ?

ಮೆಡಿಕಲ್_ಅಕ್ಕ · ಜುಲೈ 7, ರಾತ್ರಿ 8.55
ಬಿಸಿಲು ಬೇಡ ಟೀಚರ್. ಒಗೆಯೋಕೆ ಆಗದ ಕಂಬಳಿ, ಸ್ವೆಟರ್ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಒಂದು ವಾರ ಮೂಲೆಗಿಡಿ. ಮನುಷ್ಯರ ಮೈ ಸಿಗದೆ ನುಸಿ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕಲ್ಲ. ಗೊಬ್ಬರದ ಚೀಲ ಮಾತ್ರ ಬೇಡ!

ಜೀಪ್_ಚಾಲಕ · ಜುಲೈ 7, ರಾತ್ರಿ 9.10
ನನಗೆ ಜಿಗಣೆ ಕಚ್ಚಿದ ಜಾಗ ಹದಿನೈದು ದಿನದಿಂದ ತುರಿಸ್ತಿದೆ. ಅದಕ್ಕೂ ಈ ಪರ್ಮೆ ಏನೋ ಆಗುತ್ತಾ?

ಪಿಜಿ_ಚರ್ಮ · ಜುಲೈ 7, ರಾತ್ರಿ 9.18
ಆಗಲ್ಲ ಅಣ್ಣ. ಅದು ಜಿಗಣೆಯ ಎಂಜಲಿಗೆ ಮೈ ತೋರಿಸೋ ಅಲರ್ಜಿ. ಕ್ಯಾಲಮೈನ್ ಲೋಷನ್ ಹಚ್ಚಿ, ರಾತ್ರಿ ಒಂದು ಸೆಟ್ರಿಜಿನ್ ಸಾಕಾಗಬಹುದು. ನಿದ್ದೆ ಬರಿಸುತ್ತೆ, ತೊಗೊಂಡು ಘಾಟಿ ಇಳಿಸಬೇಡಿ. ಕೀವು, ಊತ ಇದ್ದರೆ ತೋರಿಸಿ.

ಕಕ್ಕಡ_ಮಳೆ · ಜುಲೈ 7, ರಾತ್ರಿ 9.25
ಜಿಗಣೆಗೆ ನಶ್ಯ ಪುಡಿ.

ರೊಬಸ್ಟಾ_ಮಾವ · ಜುಲೈ 7, ರಾತ್ರಿ 9.27
ಸುಣ್ಣ ಹೊಗೆಸೊಪ್ಪು.

ಸೋಮವಾರಪೇಟೆ_ಶುಂಠಿ · ಜುಲೈ 7, ರಾತ್ರಿ 9.28
ಉಪ್ಪು. ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ. ಬೇರೆಲ್ಲ ಸುಮ್ನೆ.

ನಿರ್ವಾಹಕ · ಜುಲೈ 7, ರಾತ್ರಿ 9.45
ಜಿಗಣೆಗೆ ಬೇರೆ ಎಳೆ ಇದೆ, ಅಲ್ಲಿ 140 ಉತ್ತರ ಆಗಿದೆ. ಇಲ್ಲಿ ಚರ್ಮದ ಮದ್ದು ಮಾತ್ರ.

ಕಾವೇರಿ_ತೀರ · ಜುಲೈ 8, ಮಧ್ಯಾಹ್ನ 12.30
ಓದ್ತಾ ಕೂತಿದ್ದೆ, ಬರೆಯಲೋ ಬೇಡವೋ ಅಂತ. ಸ್ಟೀರಾಯ್ಡ್ ಮಾತು ಬಂದಿದ್ದಕ್ಕೆ ಬರೀತೀನಿ.

ಕೆನ್ನೆ ಮೇಲೆ ಬಂಗು ಇತ್ತು. ಬ್ಯೂಟಿ ಪಾರ್ಲರಿನಲ್ಲಿ ಒಬ್ಬರು ಒಂದು ಕ್ರೀಮ್ ಬರೆದುಕೊಟ್ಟರು. ಮೂರೇ ವಾರಕ್ಕೆ ಮುಖ ಹಾಲಿನ ಹಾಗೆ. ತಂಗಿ ಮದುವೆಯಲ್ಲಿ ಎಲ್ಲರೂ ಏನು ಹಚ್ತೀಯಾ ಅಂತ ಕೇಳಿದ್ದೇ ಕೇಳಿದ್ದು. ಬಿಡೋಕೆ ಮನಸ್ಸಾಗಲಿಲ್ಲ, ಎಂಟು ತಿಂಗಳು ಹಚ್ಚಿದೆ. ಆಮೇಲೆ ಅಂಗಳಕ್ಕೆ ಕಾಫಿ ಹರವೋಕೆ ಹೋದರೆ ಮುಖ ಉರಿ. ಒಲೆ ಮುಂದೆ ನಿಂತರೂ ಉರಿ. ಕೆನ್ನೆಯಲ್ಲಿ ಕೆಂಪು ನರ ಎಳೆ ಎಳೆಯಾಗಿ ಕಾಣೋಕೆ ಶುರುವಾಯಿತು. ಗಲ್ಲದ ಮೇಲೆ ಕೂದಲು ಬಂತು. ಒಂದು ದಿನ ಕ್ರೀಮ್ ಬಿಟ್ಟರೆ ಮುಖವೆಲ್ಲ ಗುಳ್ಳೆ.

ಮೈಸೂರಿನಲ್ಲಿ ತೋರಿಸಿದೆ. ಡಾಕ್ಟರ್ ಟ್ಯೂಬ್ ನೋಡಿ, ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತ ಓದಿ ಹೇಳಿದರು. ಮೂರನೆಯದು ಸ್ಟೀರಾಯ್ಡ್ ಅಮ್ಮಾ, ಬಂಗಿಗೆ ನಾವೂ ಬರೀತೀವಿ, ಆದರೆ ಕೆಲವೇ ವಾರ, ಕಣ್ಣಲ್ಲಿ ಕಣ್ಣಿಟ್ಟು ಅಂದರು. ಸರಿಹೋಗೋಕೆ ಒಂದು ವರ್ಷ ಹತ್ತಿರ ಆಯಿತು. ಆ ನರಗಳು ಇನ್ನೂ ಸ್ವಲ್ಪ ಇವೆ.

ಸುಂಟಿಕೊಪ್ಪ_ಸೊಸೆ · ಜುಲೈ 8, ಮಧ್ಯಾಹ್ನ 12.48
ಅಕ್ಕಾ, ನಾನು ಈಗ ಎದ್ದು ಹೋಗಿ ಕನ್ನಡಿ ಮುಂದಿನ ಟ್ಯೂಬ್ ತಿರುಗಿಸಿ ನೋಡಿದೆ. ಮೊಮೆಟಾಸೋನ್ ಇದೆ.

ಪಿಜಿ_ಚರ್ಮ · ಜುಲೈ 8, ಮಧ್ಯಾಹ್ನ 2.10
ಎಷ್ಟು ದಿನದಿಂದ ಹಚ್ತಿದ್ದೀರಿ? ತಿಂಗಳುಗಟ್ಟಲೆ ಆಗಿದ್ದರೆ ನೀವೇ ಧಿಡೀರ್ ನಿಲ್ಲಿಸಬೇಡಿ, ತೋರಿಸಿ. ನಿಧಾನಕ್ಕೆ ಇಳಿಸಬೇಕಾಗುತ್ತೆ.

ಹಾಗಂತ ಸ್ಟೀರಾಯ್ಡ್ ಅಂದರೆ ವಿಷ ಅಂತ ಯಾರೂ ತಿಳಿಯಬೇಡಿ. ಇಸಬಿಗೆ, ಸೋರಿಯಾಸಿಸ್‌ಗೆ ಅದೇ ಮೊದಲ ಮದ್ದು. ಇಸಬು ಇರೋ ಮಗುವಿಗೆ ಹೆದರಿ ಹಚ್ಚದೆ, ಅದು ರಾತ್ರಿಯಿಡೀ ಕೆರೆದು ರಕ್ತ ಬರಿಸಿಕೊಳ್ಳೋದನ್ನೂ ನೋಡಿದ್ದೇನೆ. ಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬ್ ಹಿಂಡಿದರೆ ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಡಾಕ್ಟರ್ ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ.

ಜೀಪ್_ಚಾಲಕ · ಜುಲೈ 8, ಸಂಜೆ 6.20
ಒಂದು ಡೌಟು. ನನ್ನ ಬೆನ್ನ ಮೇಲೆ ಬಿಳಿ ಬಿಳಿ ಮಚ್ಚೆ. ತೊನ್ನು ಅಂತ ಹೆಂಡತಿ ಹೆದರಿದ್ದಾಳೆ. ತುರಿಕೆ ಇಲ್ಲ, ಬೆವರಿದರೆ ಸ್ವಲ್ಪ ಚುರುಚುರು.

ಪಿಜಿ_ಚರ್ಮ · ಜುಲೈ 8, ಸಂಜೆ 6.55
ಉಗುರಲ್ಲಿ ಮೆಲ್ಲಗೆ ಕೆರೆದರೆ ಹಿಟ್ಟಿನ ಹಾಗೆ ಪುಡಿ ಏಳುತ್ತಾ? ಎದ್ದರೆ ಹೆಚ್ಚಾಗಿ ಚಿಬ್ಬು. ಕೀಟೋಕೊನಜೋಲ್ ಇರೋ ಶಾಂಪೂವನ್ನು ಬೆನ್ನಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯೋದು, ಕೆಲವು ದಿನ. ಚಿಬ್ಬು ಹೋದ ಮೇಲೂ ಬಣ್ಣ ಮರಳೋಕೆ ತಿಂಗಳುಗಳೇ ಬೇಕು, ಗಾಬರಿ ಬೇಡ.

ಆದರೆ ಮಚ್ಚೆ ಮೇಲೆ ಮುಟ್ಟಿದರೆ ಗೊತ್ತಾಗದಿದ್ದರೆ, ಬಿಸಿ ತಣ್ಣಗಿನ ವ್ಯತ್ಯಾಸ ತಿಳಿಯದಿದ್ದರೆ ಮಾತ್ರ ಮುಲಾಮು ಹುಡುಕದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕುಷ್ಠ ಇರಬಹುದು. ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ, ಪೂರ್ತಿ ಉಚಿತ, ಪೂರ್ತಿ ವಾಸಿ.

ಜೀಪ್_ಚಾಲಕ · ಜುಲೈ 8, ಸಂಜೆ 7.02
ಪುಡಿ ಏಳುತ್ತೆ. ಹೆಂಡತಿ ಕೆರೆದಿದ್ದು ಮಾತ್ರ ಮೆಲ್ಲಗೆ ಅಲ್ಲ.

ನಾಪೋಕ್ಲು_ಹುಡುಗ · ಜುಲೈ 10, ರಾತ್ರಿ 8.15
ಇವತ್ತು ಮಡಿಕೇರಿಗೆ ಹೋಗಿ ಬಂದೆ. ಚೀಟಿ ಮಾಡಿಸಿ ಕಾದಿದ್ದು ಎರಡು ಗಂಟೆ, ಮಂಜು ಕಿಟಕಿಯೊಳಗೇ ಬರುತ್ತಿತ್ತು. ಐದೂ ಟ್ಯೂಬ್ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಡಾಕ್ಟರ್ ಮೇಡಂ ಬೈಯಲಿಲ್ಲ, ಒಂದೊಂದೇ ಎತ್ತಿ ನೋಡಿ ಪಕ್ಕಕ್ಕಿಟ್ಟರು. ಬೈದಿದ್ದರೆ ವಾಸಿ ಇತ್ತು.

ಮೊಂಡು ಬ್ಲೇಡಿನಲ್ಲಿ ಉಂಗುರದ ಅಂಚನ್ನು ಕೆರೆದರು. ಗಾಜಿನ ಪಟ್ಟಿ ಮೇಲೆ ಬಿಳಿ ಪುಡಿ ಬಿತ್ತು, ಒಂದು ಹನಿ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹಾಕಿದರು. ಅದು ಚರ್ಮದ ಪುಡಿಯನ್ನು ಕರಗಿಸುತ್ತೆ, ಫಂಗಸ್ ಹಾಗೇ ಉಳಿಯುತ್ತೆ ಅಂದರು. ಸ್ವಲ್ಪ ಹೊತ್ತು ಬಿಟ್ಟು ಬಾ ನೋಡು ಅಂತ ನನ್ನನ್ನೇ ಕರೆದರು. ಮೈಕ್ರೋಸ್ಕೋಪಿನಲ್ಲಿ ಉದ್ದುದ್ದ ಗಾಜಿನ ದಾರದ ಹಾಗೆ, ಕವಲು ಕವಲಾಗಿ. ಇಷ್ಟು ದಿನ ನನ್ನ ನಿದ್ದೆ ತಿಂದಿದ್ದು ಇದಾ ಅನ್ನಿಸಿತು. ನೋಡೋಕೆ ಚೆನ್ನಾಗೇ ಇತ್ತು.

ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕೊಟ್ಟಿದ್ದಾರೆ, ಹಚ್ಚೋಕೆ ಸ್ಟೀರಾಯ್ಡ್ ಇಲ್ಲದ ಮುಲಾಮು. ಮೊದಲು ರಕ್ತ ಪರೀಕ್ಷೆ, ಲಿವರ್ ನೋಡೋಕೆ. ಉಂಗುರದ ಆಚೆ ಎರಡು ಬೆರಳಗಲ ಸೇರಿಸಿ ಹಚ್ಚಬೇಕಂತೆ. ಪೂರ್ತಿ ಹೋದ ಮೇಲೂ ಎರಡು ವಾರ ನಿಲ್ಲಿಸಬಾರದು. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಕರೆದುಕೊಂಡು ಬಾ ಅಂದರು. ಬಂದು ಕೇಳಿದರೆ ಹೆಂಡತಿಗೂ ಇದೆ! ಒಂದು ತಿಂಗಳಿಂದ ಹೇಳಿರಲಿಲ್ಲ. ನನ್ನ ಟ್ಯೂಬೇ ಕದ್ದು ಹಚ್ಚುತ್ತಿದ್ದಳಂತೆ.

ಮೆಡಿಕಲ್_ಅಕ್ಕ · ಜುಲೈ 10, ರಾತ್ರಿ 8.40
ಕ್ಯಾಪ್ಸೂಲ್ ಊಟವಾದ ಕೂಡಲೇ ನುಂಗಿ, ಖಾಲಿ ಹೊಟ್ಟೆಯಲ್ಲಿ ಬೇಡ. ಹೊಟ್ಟೆಯ ಆಸಿಡ್ ಇದ್ದರೇ ಅದು ಮೈಗೆ ಹತ್ತೋದು. ಗ್ಯಾಸ್ ಮಾತ್ರೆ ತೊಗೊಳ್ಳೋ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ. ಹೃದಯದ ತೊಂದರೆ ಇರೋರು, ಕೊಲೆಸ್ಟ್ರಾಲ್ ಮಾತ್ರೆ ನುಂಗೋರು, ಬಸುರಿಯರು ಕೇಳದೆ ಇದನ್ನು ಮುಟ್ಟಲೇಬಾರದು. ಹೆಂಡತಿಗೆ ನಿಮ್ಮ ಕ್ಯಾಪ್ಸೂಲ್ ಹಂಚಬೇಡಿ, ಅವರನ್ನೂ ಕರೆದುಕೊಂಡು ಹೋಗಿ.

ರೊಬಸ್ಟಾ_ಮಾವ · ಜುಲೈ 10, ರಾತ್ರಿ 9.30
ಮೆಡಿಕಲ್ ಅಕ್ಕ, ಒಂದು ಮಾತು. ಗ್ಯಾಸ್ ಮಾತ್ರೆ ಅಂದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗೋ ಪ್ಯಾಂಟೊಪ್ರಜೋಲ್ ಸೇರಿತಾ?

ಮೆಡಿಕಲ್_ಅಕ್ಕ · ಜುಲೈ 10, ರಾತ್ರಿ 9.34
ಸೇರಿತು ಮಾವ. ಯಾಕೆ?

ರೊಬಸ್ಟಾ_ಮಾವ · ಜುಲೈ 10, ರಾತ್ರಿ 9.50
ಏನಿಲ್ಲ. ಹೋದ ವರ್ಷ ಇದೇ ಕ್ಯಾಪ್ಸೂಲ್ ಎರಡು ತಿಂಗಳು ನುಂಗಿದೆ. ಗುಣ ಆಗಲಿಲ್ಲ. ಡಾಕ್ಟರಿಗೇ ಗೊತ್ತಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಪ್ಯಾಂಟೊಪ್ರಜೋಲ್ ವಿಷಯ ಅವರು ಕೇಳಿದ್ದರು. ಇಲ್ಲ ಅಂದಿದ್ದೆ. ಗ್ಯಾಸ್ ಮಾತ್ರೆ ಒಂದು ಮಾತ್ರೆಯಾ ಅಂತ.

ಗೋಣಿಕೊಪ್ಪ_ಗಡಿಬಿಡಿ · ಜುಲೈ 10, ರಾತ್ರಿ 9.52
ಅಂದರೆ ಮಾವನಿಗೂ ಇದೆ! ಬೋರ್ಡೋ ಸಲಹೆ ಸ್ವಂತ ಅನುಭವದ್ದಾ?

ರೊಬಸ್ಟಾ_ಮಾವ · ಜುಲೈ 10, ರಾತ್ರಿ 9.58
ಹೇಳಲ್ಲ.

ಕಕ್ಕಡ_ಮಳೆ · ಜುಲೈ 11, ಬೆಳಿಗ್ಗೆ 7.10
ಮದ್ದು ಸರಿ, ಬಟ್ಟೆ ಒಣಗಿಸೋದು? ಅರ್ಧ ಒದ್ದೆ ಚಡ್ಡಿ ಹಾಕಿಕೊಂಡರೆ ಯಾವ ಕ್ಯಾಪ್ಸೂಲೂ ಸಾಲದು. ನಮ್ಮಲ್ಲಿ ಈಗಲೂ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಮೇಲೆ ಬಿದಿರ ಕುಕ್ಕೆ ಕವುಚಿ, ಅದರ ಮೇಲೆ ಒಳಬಟ್ಟೆ ಹರವೋದು. ಹೊಗೆ ವಾಸನೆ ಇರುತ್ತೆ, ಆದರೆ ಗರಿಗರಿ. ಅದಕ್ಕೆ ಆಮೇಲೆ ಇಸ್ತ್ರಿ, ಹೊಲಿಗೆ ಇರೋ ಜಾಗಕ್ಕೆ ಒತ್ತಿ. ಮತ್ತೆ ಟವೆಲ್ ಒಬ್ಬೊಬ್ಬರಿಗೆ ಒಂದೊಂದು.

ಬೆಂಗಳೂರಲ್ಲಿ_ಕೊಡವ · ಜುಲೈ 11, ಬೆಳಿಗ್ಗೆ 7.30
ಆ ಹೊಗೆ ವಾಸನೆಯ ಬನಿಯನ್! ಕಾಲೇಜಿನಲ್ಲಿ ಪಕ್ಕ ಕೂತವನು ಮನೆಗೆ ಬೆಂಕಿ ಬಿದ್ದಿತ್ತಾ ಅಂತ ಕೇಳಿದ್ದ.

ಬೆಟ್ಟದ_ಟೀಚರ್ · ಜುಲೈ 24, ಸಂಜೆ 6.05
ಕಜ್ಜಿ ವಿಷಯ. ಆಶಾ ಕಾರ್ಯಕರ್ತೆ ಜೊತೆ ಲೈನ್ ಮನೆಗೆ ಹೋದೆವು. ಆರೋಗ್ಯ ಕೇಂದ್ರದಿಂದ ಮುಲಾಮು ಸಿಕ್ಕಿತು. ಒಂದೇ ರಾತ್ರಿ ಒಂಬತ್ತು ಮನೆ. ಗಂಡಸರು ನಮಗೆ ತುರಿಕೆ ಇಲ್ಲ, ಬೇಡ ಅಂತ ಹಟ. ಮೇಸ್ತ್ರಿ ಮೊದಲು ಅಂಗಿ ಬಿಚ್ಚಿ ಹಚ್ಚಿಕೊಂಡ, ಆಮೇಲೆ ಎಲ್ಲರೂ. ಎರಡನೇ ಸಲವೂ ಆಯಿತು. ಮಕ್ಕಳು ಈಗ ಬರೆಯುವಾಗ ಪೆನ್ಸಿಲ್ ಕೆಳಗಿಡೋದಿಲ್ಲ.

ನಾಪೋಕ್ಲು_ಹುಡುಗ · ಆಗಸ್ಟ್ 16, ರಾತ್ರಿ 8.50
ಐದು ವಾರ ಆಯಿತು. ಮೊದಲ ವಾರ ನರಕ, ಪಿಜಿ ಸರ್ ಹೇಳಿದ್ದರಿಂದ ತಡೆದುಕೊಂಡೆ. ಈಗ ಕಂದು ಕಲೆ ಮಾತ್ರ, ಅಂಚು ಇಲ್ಲ, ತುರಿಕೆ ಇಲ್ಲ. ಇನ್ನೂ ಮುಗಿದಿಲ್ಲ, ಮುಂದುವರಿಸು ಅಂದಿದ್ದಾರೆ. ಹೆಂಡತಿಗೂ ಇಳಿದಿದೆ. ಎಲ್ಲರಿಗೂ ಥ್ಯಾಂಕ್ಸ್, ಬೋರ್ಡೋ ಮಾವನಿಗೂ.

ಮೆಡಿಕಲ್_ಅಕ್ಕ · ಆಗಸ್ಟ್ 16, ರಾತ್ರಿ 9.02
ಸಂತೋಷ ತಮ್ಮಾ. ಆ ಐದನೇ ಟ್ಯೂಬ್ ಏನು ಮಾಡಿದಿರಿ?

ನಾಪೋಕ್ಲು_ಹುಡುಗ · ಆಗಸ್ಟ್ 16, ರಾತ್ರಿ 9.20
ಕಪಾಟಿನ ಮೇಲೆ ಇಟ್ಟಿದ್ದೆ ಅಕ್ಕ, ಬಿಸಾಕೋಣ ಅಂತ. ನೀವು ಕೇಳಿದ ಮೇಲೆ ಈಗ ಹೋಗಿ ನೋಡಿದೆ, ಇಲ್ಲ. ಅಪ್ಪ ಟಿವಿ ಮುಂದೆ ಕೂತು ಮೊಣಕಾಲ ಹಿಂದೆ ಏನೋ ಉಜ್ಜಿಕೊಳ್ತಿದ್ದಾರೆ.